ಅಂಡಮಾನಿನ ಸ್ವಂತ ಜೀವಿಗಳನ್ನು ಹುಡುಕಿಕೊಂಡು

ನಮ್ಮ ಬಾಗಲಕೋಟೆಯ ಕಡೆಯಿಂದ ಅಂಡಮಾನಿಗೆ ಹೋಗಿ ಬಂದವರನ್ನು ಕೇಳಿದರೆ ಸೆಲ್ಯುಲರ್ ಜೈಲು, ರಾಧಾನಗರದ ಕಡಲ ದಂಡೆ, ಗಾಜಿನ ತಳದ ದೋಣಿ ಇವುಗಳ ಮಾತೇ ಮೊದಲು ಬರುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಚಳಿಗಾಲದ ವಲಸೆ ಹಕ್ಕಿಗಳನ್ನು ನೋಡುತ್ತ ದುರ್ಬೀನಿನ ಹವ್ಯಾಸ ಬೆಳೆಸಿಕೊಂಡ ನನಗೆ ಮಾತ್ರ ಬೇಕಾಗಿದ್ದುದು ಬೇರೆ: ಜಗತ್ತಿನ ಇನ್ನಾವ ಮೂಲೆಯಲ್ಲೂ ಇಲ್ಲದ, ಆ ದ್ವೀಪಗಳಲ್ಲಷ್ಟೇ ಹುಟ್ಟಿ ಬಾಳುವ ಜೀವಿಗಳನ್ನು ಅವುಗಳ ನೆಲೆಯಲ್ಲೇ ಕಾಣುವುದು.

ಹಾಗೆ ಹೊರಟವನು ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿ ಕುಳಿತು ಮಾಡುವಂಥದ್ದು. ಅಂಡಮಾನಿನಲ್ಲಿ ಕಣ್ಣಿಗೆ ಬೀಳುವ ಪ್ರಾಣಿಯೆಲ್ಲ ಅಂಡಮಾನಿನದ್ದಲ್ಲ. ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಚುಕ್ಕೆ ಜಿಂಕೆಯನ್ನು ಬ್ರಿಟಿಷರು ಮುಖ್ಯ ಭೂಮಿಯಿಂದ ತಂದು ಬಿಟ್ಟರು. ಅದನ್ನು ತಿನ್ನುವ ಹುಲಿ, ಚಿರತೆಗಳು ಅಲ್ಲಿಲ್ಲದ ಕಾರಣ ಅದು ಬೇಕಾಬಿಟ್ಟಿ ಹೆಚ್ಚಿ, ಕಾಡಿನ ಎಳೆಯ ಸಸಿಗಳನ್ನು ಮೇಯುತ್ತಿದೆ. ಇಂಟರ್‌ವ್ಯೂ ದ್ವೀಪದಲ್ಲಿರುವ ಆನೆಗಳು ಮರ ಸಾಗಿಸಲು ತಂದು, ಕೆಲಸ ನಿಂತ ಮೇಲೆ ಅಲ್ಲೇ ಬಿಟ್ಟುಹೋದ ಆನೆಗಳ ಸಂತತಿ. ಆದ್ದರಿಂದ ನಾನು ಒಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ದ್ವೀಪದ್ದೇ ಆದ ಜೀವಿಗಳನ್ನೂ ಬಲ ಪುಟದಲ್ಲಿ ಹೊರಗಿನಿಂದ ಬಂದವುಗಳನ್ನೂ ಬರೆದುಕೊಂಡೆ. ದಿನವಿಡೀ ತಿರುಗುವಾಗ ನನ್ನ ಕಣ್ಣು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಿದ್ದು ಆ ಎರಡು ಪುಟಗಳೇ.

ಎರಡನೆಯದು ಹೊತ್ತಿನ ಲೆಕ್ಕ. ಗಡಿಯಾರ ಒಂದೇ ಆದರೂ ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಒಂದು ತಾಸಿಗೂ ಹೆಚ್ಚು ಮೊದಲೇ ಹುಟ್ಟುತ್ತಾನೆ, ಚಳಿಗಾಲದಲ್ಲಿ ಸಂಜೆ ಐದರಿಂದ ಐದೂವರೆಯ ಹೊತ್ತಿಗೆ ಮುಳುಗಿಯೂ ಬಿಡುತ್ತಾನೆ. ನಸುಕಿನ ನಾಲ್ಕೂವರೆಗೆ ಏಳದವರಿಗೆ ಹಕ್ಕಿಗಳ ಅತ್ಯುತ್ತಮ ಹೊತ್ತು ತಪ್ಪುತ್ತದೆ. ಹೋಟೆಲಿನ ನಾಷ್ಟಾ ಅಷ್ಟು ಬೇಗ ಸಿಗುವುದಿಲ್ಲ. ನಾವು ಊರಿನಿಂದ ಒಯ್ದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯಲ್ಲಿ ಬೆಳಗುಗಳನ್ನು ಕಳೆದೆವು.

ಶ್ರೀ ವಿಜಯಪುರಂ ಎಂದು 2024ರಲ್ಲಿ ಹೆಸರು ಬದಲಾದ ಪೋರ್ಟ್ ಬ್ಲೇರ್‌ನಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕಿರುವ ಚಿಡಿಯಾ ಟಾಪುವಿನಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ಸಂಜೆ ಸೂರ್ಯಾಸ್ತ ನೋಡಲು ಅಲ್ಲಿಗೆ ಜನ ಬರುತ್ತಾರೆ, ಬೆಳಿಗ್ಗೆ ಬಹುತೇಕ ಯಾರೂ ಇರುವುದಿಲ್ಲ. ನನ್ನ ಕ್ರಮ ಸರಳವಾಗಿತ್ತು: ಹಣ್ಣು ಬಿಟ್ಟ ಅತ್ತಿಯ ಜಾತಿಯ ಮರವೊಂದನ್ನು ಹುಡುಕಿ ಅದರ ಕೆಳಗೆ ಕದಲದೆ ಕೂರುವುದು. ಕಾಡಿನೊಳಗೆ ತಿರುಗಿ ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಆ ದಟ್ಟ ಮಳೆಕಾಡಿನಲ್ಲಿ ಹಕ್ಕಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಎಲೆಗಳ ಮರೆಯಲ್ಲಿ ಕಾಣುವುದಿಲ್ಲ. ಅಂಡಮಾನ್ ಮರಕುಟಿಗ ನನಗೆ ಸಿಕ್ಕಿದ್ದು ಹೀಗೆಯೇ. ಖಾನಾಪುರದ ಕಾಡುಗಳಲ್ಲಿ ಬಿಳಿ ಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗವನ್ನು ನೋಡಿದವರಿಗೆ ಅದರ ಗುರುತು ಬೇಗ ಹತ್ತುತ್ತದೆ. ಇದೂ ಅದೇ ಕುಲದ್ದು, ಆದರೆ ಹೊಟ್ಟೆಯೂ ಕಪ್ಪು, ಗಂಡಿನ ನೆತ್ತಿ ಕಡುಗೆಂಪು. ಹಾಗೆಯೇ ಅಲ್ಲಿನ ಕೆಂಬೂತಕ್ಕೆ ನಮ್ಮ ಕೆಂಬೂತದ ಕಪ್ಪು ಮೈ ಇಲ್ಲ, ಅದು ಕಂದು.

"ಕಾಕಾ, ಇಲ್ಲಿ ಬರ್ರಿ, ಸಪ್ಪಳ ಮಾಡಬ್ಯಾಡ್ರಿ" ಎಂದು ನನ್ನ ಅಣ್ಣನ ಮಗ ಒಂದು ಅಡಿಕೆ ಮರದ ಬಳಿಯಿಂದ ಕೈಮಾಡಿದಾಗ ಕಂಡದ್ದು ಅಂಡಮಾನಿನ ಹಗಲು ಹಲ್ಲಿ. ಗೇಣಿಗೂ ಕಡಿಮೆ ಉದ್ದದ ಮೈ, ಮಳೆ ಬಿದ್ದ ಮರುದಿನದ ಎಳೆ ಜೋಳದ ಗರಿಯಂಥ ಹಸಿರು, ಬೆನ್ನ ಮೇಲೆ ಕೆಂಪು ಚುಕ್ಕೆಗಳು. ನಮ್ಮ ಮನೆಯ ಹಲ್ಲಿಯಂತೆ ಇರುಳಿಗೆ ಕಾಯದೆ ಬಿಸಿಲಿನಲ್ಲೇ ಓಡಾಡುವ ಇದರ ಕಣ್ಣಿನ ಪಾಪೆ ದುಂಡಗಿದೆ. ರೆಪ್ಪೆ ಇಲ್ಲದ ಆ ಕಣ್ಣನ್ನು ಅದು ನಾಲಿಗೆ ಚಾಚಿ ಒರೆಸಿಕೊಳ್ಳುವುದನ್ನು ನಾವು ಮೂರಡಿ ದೂರದಿಂದ ನೋಡಿದೆವು. ಇದರ ಹತ್ತಿರದ ಬಂಧುಗಳೆಲ್ಲ ಇರುವುದು ಮಡಗಾಸ್ಕರ್ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ. ಹಿಂದೂ ಮಹಾಸಾಗರದ ಆ ತುದಿಯ ಕುಲಕ್ಕೆ ಸೇರಿದ ಒಂದು ಜೀವಿ ಈ ತುದಿಯಲ್ಲಿ ಅಡಿಕೆ ಮರ ಹತ್ತಿ ಕುಳಿತಿರುವುದು ನನಗೆ ಇಡೀ ಪ್ರವಾಸದಲ್ಲಿ ಅತ್ಯಂತ ಸೋಜಿಗದ ಸಂಗತಿಯಾಗಿತ್ತು.

ಸಿಪ್ಪಿಘಾಟ್‌ಗೆ ಬಾಗಲಕೋಟೆಯವನಾದ ನಾನು ಬೇರೆಯೇ ಮನಸ್ಸಿನಿಂದ ಹೋದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿದು, ಅಲ್ಲಿನ ಹೊಲಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ ಹಾಗೇ ನಿಂತಿತು. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟು, ಬಾಗಲಕೋಟೆಯಲ್ಲಿ ಹೊಸದಾಗಿ ಕಟ್ಟಿದ ನವನಗರ ಸೇರಿದ ಮನೆತನದವರಿಗೆ ನೀರಿನೊಳಗಿನ ಹೊಲ ಎಂದರೆ ಏನೆಂದು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಕಣ್ಣಿನ ಸುತ್ತ ಬಿಳಿ ಉಂಗುರವಿರುವ ಅಂಡಮಾನ್ ಬಾತುಗಳು ಈಗ ಆ ಜವುಗಿನಲ್ಲಿ ಮೇಯುತ್ತವೆ. ಅವುಗಳನ್ನು ನಾನು ಮನಸಾರೆ ನೋಡಿದೆ. ರೈತರ ನಷ್ಟವನ್ನು ಹಕ್ಕಿಗಳ ಲಾಭದಿಂದ ತೂಗಲು ಮಾತ್ರ ನನ್ನಿಂದ ಆಗಲಿಲ್ಲ.

ವಂಡೂರಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಲ್ಲಿ ಸ್ಥಾಪನೆಯಾದದ್ದು. ದೋಣಿ ಹತ್ತಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಸ್ಟೀಲಿನ ನೀರಿನ ಬಾಟಲಿ ಇದ್ದರೆ ತೊಂದರೆ ಇಲ್ಲ. ಹವಳದ ಮೇಲೆ ಕಾಲಿಡದೆ ತೇಲುತ್ತ ನೋಡಬೇಕು. 2010ರಲ್ಲಿ ಸಮುದ್ರದ ಬಿಸಿ ಏರಿ ಇಲ್ಲಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದ್ದವು. ದಂಡೆಯಲ್ಲಿ ಮೊಸಳೆಯ ಎಚ್ಚರಿಕೆಯ ಫಲಕವಿದ್ದರೆ ಅಲ್ಲಿ ನೀರಿಗೆ ಇಳಿಯಲೇಬಾರದು, ಉಪ್ಪುನೀರಿನ ಮೊಸಳೆಗಳು ಈ ಭಾಗದಲ್ಲಿ ನಿಜಕ್ಕೂ ಇವೆ.

ಎರಡು ವಿಷಯಗಳಲ್ಲಿ ನಾನು ಗಟ್ಟಿಯಾಗಿ ನಿಂತೆ. ಮೊಬೈಲಿನಲ್ಲಿ ಕೂಗು ನುಡಿಸಿ ಗೂಬೆಗಳನ್ನು ಹತ್ತಿರಕ್ಕೆ ಕರೆಯುವ ರೂಢಿಗೆ ಒಪ್ಪಲಿಲ್ಲ. ತನ್ನ ನೆಲೆಗೆ ಇನ್ನೊಂದು ಗೂಬೆ ನುಗ್ಗಿತೆಂದು ತಿಳಿದು ಅದು ಬೇಟೆ ಬಿಟ್ಟು ಹಾರಿ ಬರುತ್ತದೆ, ನಮ್ಮ ಒಂದು ಫೋಟೊಕ್ಕಾಗಿ ಅದರ ಇರುಳು ಹಾಳಾಗುತ್ತದೆ. ಇನ್ನು ಜಾರವಾ ಆದಿವಾಸಿಗಳ ಮೀಸಲು ಪ್ರದೇಶದೊಳಗಿಂದ ಸಾಗುವ ರಸ್ತೆಯ ಪ್ರಯಾಣವನ್ನು ಪೂರ್ತಿ ಕೈಬಿಟ್ಟೆ. ಅಲ್ಲಿ ವಾಹನ ನಿಲ್ಲಿಸುವುದಕ್ಕೂ ಫೋಟೊ ತೆಗೆಯುವುದಕ್ಕೂ ನಿಷೇಧವಿದ್ದರೂ, ಕಿಟಕಿಯಿಂದ ಮನುಷ್ಯರನ್ನು ಇಣುಕಿ ನೋಡುವ ಆಸೆಯಿಂದಲೇ ಬರುವವರು ಇದ್ದಾರೆ. ಆ ರಸ್ತೆ ಹಿಡಿದೇ ಹೋಗಬೇಕಾದ ಬಾರಾಟಾಂಗಿನ ಕೆಸರು ಜ್ವಾಲಾಮುಖಿ ನೋಡದೆ ಬಂದದ್ದಕ್ಕೆ ನನಗೆ ಕೊರಗಿಲ್ಲ.

ನೋಟ್‌ಬುಕ್ಕಿನ ಎಡ ಪುಟದಲ್ಲಿ ಇನ್ನೂ ಗುರುತು ಹಾಕದ ಹೆಸರುಗಳಿವೆ. ನಾರ್ಕೊಂಡಮ್ ಮಂಗಟ್ಟೆ ಅಂಥದ್ದೊಂದು. ಅದು ಆ ಹೆಸರಿನ ಒಂದೇ ಒಂದು ಪುಟ್ಟ ದ್ವೀಪದಲ್ಲಿದೆ, ನನ್ನಂಥ ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲ, ಇರಬಾರದು ಕೂಡ. ಮುಂದಿನ ಸಲ ಕಡಲಾಮೆಗಳು ಮೊಟ್ಟೆಯಿಡುವ ಚಳಿಗಾಲದ ದಿನಗಳಿಗೆ ಸರಿಯಾಗಿ ಉತ್ತರ ಅಂಡಮಾನಿನ ದಿಗ್ಲಿಪುರಕ್ಕೆ ಹಡಗಿನಲ್ಲಿ ಹೋಗಬೇಕೆಂದು ನಾನೂ ಅಣ್ಣನ ಮಗನೂ ಈಗಲೇ ರಜೆ ಹೊಂದಿಸುತ್ತಿದ್ದೇವೆ.