ಹಿಪ್ ಬದಲಿ ಆಪರೇಷನ್: ಕಾಲಿನ ರಕ್ತನಾಳವನ್ನು ಮೊದಲೇ ಪರೀಕ್ಷಿಸುವುದು ಹೇಗೆ?

ಹಿಪ್ ಬದಲಿ ಆಪರೇಷನ್ನಿನಲ್ಲಿ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗುವುದು ಅಪರೂಪ; ಆದರೆ ಕಾಲಿಗೂ ಜೀವಕ್ಕೂ ಕುತ್ತು. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು, ಕಾಲಿಗೆ ಬೈಪಾಸ್ ಅಥವಾ ಸ್ಟೆಂಟ್ ಆದವರು, ಹಳೆಯ ಕೃತಕ ಕೀಲು ಸಡಿಲಗೊಂಡವರು ಹೆಚ್ಚು ಎಚ್ಚರ ವಹಿಸಬೇಕು.

ಮೊದಲು ನೋವು ಯಾವುದರದ್ದು ಎಂದು ವಿಂಗಡಿಸಿ. ಕೀಲು ಸವೆದ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ; ಕೂತೆದ್ದ ಮೊದಲ ಹೆಜ್ಜೆಗೇ ಹಿಡಿಯುತ್ತದೆ. ರಕ್ತನಾಳ ಕಿರಿದಾದ ನೋವು ಇಂತಿಷ್ಟು ದೂರ ನಡೆದ ಮೇಲೆ ಪೃಷ್ಠದಲ್ಲೋ ಮೀನಖಂಡದಲ್ಲೋ ಶುರುವಾಗಿ, ಸುಮ್ಮನೆ ನಿಂತರೆ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಎರಡೂ ಒಟ್ಟಿಗಿದ್ದರೆ ಕೀಲು ಬದಲಾಯಿಸಿದರೂ ನಾಳದ ನೋವು ಉಳಿಯುತ್ತದೆ.

ಆಮೇಲೆ ನಾಡಿ. ಪಾದದ ಮೇಲೆ, ಕಣಕಾಲಿನ ಒಳಬದಿಯ ಉಬ್ಬು ಮೂಳೆಯ ಹಿಂದೆ, ತೊಡೆಸಂದಿನಲ್ಲಿ, ಎರಡೂ ಕಾಲಿನದು ನೋಡಬೇಕು. ಹೆಬ್ಬೆರಳಿಂದ ಒತ್ತಿದರೆ ನಿಮ್ಮದೇ ನಾಡಿ ಸಿಗುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗದು. ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡಲೇಬೇಕು. ಇಲ್ಲದಿದ್ದರೆ ಆಪರೇಷನ್ ನಂತರ ನಾಡಿ ಸಿಗದಾಗ ಅದು ಹಳೆಯದೋ ಹೊಸದೋ ಎಂದು ಹೇಳುವವರಿಲ್ಲ.

ನಾಡಿ ದುರ್ಬಲವಾಗಿದ್ದರೆ ಎಬಿಐ (ಕಣಕಾಲು-ತೋಳಿನ ಬಿಪಿ ಹೋಲಿಸುವ ಪರೀಕ್ಷೆ) ಮಾಡಿಸಿ. ಸುಮಾರು 10 ನಿಮಿಷ ಮಲಗಿಸಿ, ಡಾಪ್ಲರ್ (ರಕ್ತದ ಹರಿವನ್ನು ಪತ್ತೆಹಚ್ಚುವ ಸಾಧನ) ಹಿಡಿದು ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ. 1.4 ದಾಟಿದರೆ ಖುಷಿಪಡಬೇಡಿ: ಸುಣ್ಣಗಟ್ಟಿದ ನಾಳ ಬಿಪಿ ಪಟ್ಟಿಯ ಒತ್ತಡಕ್ಕೆ ಬಗ್ಗುತ್ತಿಲ್ಲ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಇಂಥ ಗಡುಸು ನಾಳವಿರುವಾಗ ಆಪರೇಷನ್ನಿನಲ್ಲಿ ಕೀಲನ್ನು ಜಾರಿಸಿ ಕಾಲು ತಿರುವಿದರೆ ಒಳಪದರ ಬಿರಿದು ರಕ್ತ ಹೆಪ್ಪುಗಟ್ಟಬಹುದು. ಹಳೆಯ ಬೈಪಾಸ್ ಕೊಳವೆಯೂ ಹಾಗೆಯೇ ಮಡಚಿ ಮುಚ್ಚಿಕೊಳ್ಳಬಹುದು. ಅದರ ಹಳೆಯ ದಾಖಲೆ ಸರ್ಜನ್ ಕೈಗೆ ಸಿಗಲಿ. ಹಳೆಯ ಕಪ್ (ಕೃತಕ ಕೀಲಿನ ಬಟ್ಟಲಿನಂಥ ಭಾಗ) ಸೊಂಟದ ಗೂಡಿನೊಳಕ್ಕೆ ನುಗ್ಗಿದ್ದರೆ ಸಿಟಿ ಆಂಜಿಯೋಗ್ರಾಂ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್) ಇಲ್ಲದೆ ಕೈ ಹಾಕಬಾರದು. ಸ್ಕ್ರೂ ಅಥವಾ ಮೂಳೆ ಸಿಮೆಂಟು ಇಲಿಯಾಕ್ ನಾಳಕ್ಕೆ (ಸೊಂಟದ ಗೂಡಿನ ದೊಡ್ಡ ರಕ್ತನಾಳ) ಅಂಟಿಕೊಂಡಿದ್ದರೆ ಎಳೆದೊಡನೆ ನಾಳ ಹರಿದುಹೋಗಬಹುದು. ರಕ್ತನಾಳದ ಸರ್ಜನ್ 'ಕರೆದರೆ ಬರುತ್ತಾರೆ' ಎಂಬುದು ಇಲ್ಲಿ ಸಾಲದು, ಥಿಯೇಟರಿನಲ್ಲೇ ಇರಬೇಕು.

ಹೊಸ ಕಪ್ಪಿಗೆ ಸ್ಕ್ರೂ ಬೇಕಾದರೆ, ಕಪ್ ಕೂರುವ ಗುಳಿಯನ್ನು ನಾಲ್ಕು ಪಾಲು ಮಾಡಿದಾಗ ಹಿಂಬದಿಯ ಮೇಲಿನ ಪಾಲೇ ಎಲ್ಲಕ್ಕಿಂತ ಸುರಕ್ಷಿತ. ಮುಂಭಾಗದ ಮೇಲೆ ಇಲಿಯಾಕ್ ನಾಳಗಳಿವೆ, ಕೆಳಗೆ ಆಬ್ಟುರೇಟರ್ ಎಂಬ ನಾಳಗಳು. ಅತ್ತ ಡ್ರಿಲ್ ಹೋಗಬಾರದು.

ಆಪರೇಷನ್ ಮುಗಿದ ಮೇಲೆ ಮೊದಲ ದಿನ ನಾಡಿ, ಬಣ್ಣ, ಬಿಸಿ ಮೂರನ್ನೂ ಪದೇಪದೇ ನೋಡಬೇಕು. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುವವರೆಗೆ ರೋಗಿಗೆ ನೋವೇ ಗೊತ್ತಾಗದು. ಪಾದ ಎತ್ತಲಾಗದಿದ್ದರೂ ಬೆಚ್ಚಗಿದ್ದು ನಾಡಿ ಸಿಕ್ಕರೆ ನರದ ತೊಂದರೆಯಿರಬಹುದು. ತಣ್ಣಗೆ ಬಿಳಿಚಿಕೊಂಡು ನಾಡಿ ಇಲ್ಲದಿದ್ದರೆ ರಕ್ತವೇ ಇಳಿಯುತ್ತಿಲ್ಲ. ಹರಿವು ನಿಂತು ಸುಮಾರು 6 ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ, ಬೆಳಗಿನ ರೌಂಡ್ಸ್‌ವರೆಗೆ ಕಾಯುವಂತಿಲ್ಲ. ಗಾಯ ಒಣಗಿದ್ದು, ಡ್ರೇನ್ (ಗಾಯದ ರಕ್ತ ಹೊರತೆಗೆಯುವ ಕೊಳವೆ) ಖಾಲಿಯಿದ್ದೂ ಬಿಪಿ ಕುಸಿಯುತ್ತಿದ್ದರೆ ರಕ್ತ ಸೊಂಟದ ಗೂಡಿನೊಳಗೆ ಸೋರುತ್ತಿರಬಹುದು. ನಾಳ ತೀರಾ ಕಿರಿದಾದವರಿಗೆ ಬಿಗಿ ಕಾಲುಚೀಲವನ್ನು ರೂಢಿಯಂತೆ ಹಾಕಿಬಿಡಬೇಡಿ.

ವಾರಗಳ ನಂತರ ತೊಡೆಸಂದಿನಲ್ಲಿ ಮಿಡಿಯುವ ಗಂಟು ಕಂಡರೆ ಕೀವೆಂದುಕೊಂಡು ಸೂಜಿ ಚುಚ್ಚಿಸಬಾರದು. ಮೊದಲು ಡಾಪ್ಲರ್ ಸ್ಕ್ಯಾನ್ ಆಗಲಿ.