ಹೊಸ ವರ್ಷದಲ್ಲಿ ಇಳಕಲ್ ಸೀರೆಯ ಆನ್‌ಲೈನ್ ಮಾರಾಟ: ಹಳೆಯ ಸಂದೇಶಗಳಿಂದ ಕೆಲಸ ಆರಂಭಿಸಿ

ಹೊಸ ವರ್ಷದ ಪ್ರಚಾರಕ್ಕೆ ಯೋಜನೆ ಹಾಕುವ ಮೊದಲು, ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುವವರು ಕಳೆದ ವರ್ಷ ತಮ್ಮ ವಾಟ್ಸ್‌ಆ್ಯಪ್‌ಗೂ ಇನ್‌ಸ್ಟಾಗ್ರಾಂಗೂ ಬಂದ ಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂಬುದು ನನ್ನ ಸಲಹೆ. ಸೀರೆ ಕೊಂಡವರ ಸಂದೇಶಗಳಿಗಿಂತ, ವಿಚಾರಿಸಿ ಸುಮ್ಮನಾದವರ ಸಂದೇಶಗಳನ್ನು ಹೆಚ್ಚು ಗಮನವಿಟ್ಟು ನೋಡಬೇಕು. ಅವರು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅದೇ ಪ್ರಶ್ನೆ ಮತ್ತೆ ಸಿಕ್ಕಾಗಲೆಲ್ಲ ಅದರ ಮುಂದೆ ಒಂದು ಗೆರೆ ಎಳೆಯುತ್ತ ಹೋಗಿ. ಬೆಲೆ ಎಷ್ಟು, ಒಡಲು ಹತ್ತಿಯದೋ ರೇಷ್ಮೆಯದೋ, ಕೈಮಗ್ಗದ ಸೀರೆಯೋ ಪವರ್‌ಲೂಮಿನದೋ, ಜೊತೆಗೆ ಬ್ಲೌಸ್ ಪೀಸ್ ಬರುತ್ತದೆಯೇ, ಒಗೆದಾಗ ಬಣ್ಣ ಬಿಡುತ್ತದೆಯೇ, ಹಬ್ಬದೊಳಗೆ ಕೈಸೇರುತ್ತದೆಯೇ ಎಂಬ ಕೆಲವೇ ಪ್ರಶ್ನೆಗಳ ಮುಂದೆ ಗೆರೆಗಳು ಸಾಲಾಗಿ ಬೀಳುವುದನ್ನು ನೀವೇ ಕಾಣುವಿರಿ. ಸೀರೆಯನ್ನು ಕೈಯಲ್ಲಿ ಹಿಡಿದು ನೋಡಲಾಗದ ಗ್ರಾಹಕರಿಗೆ ಈ ಅನುಮಾನಗಳು ಸಹಜ; ಅವರು ಕೇಳುವ ಮೊದಲೇ ಇವುಗಳಿಗೆ ಉತ್ತರ ಸಿಗುವಂತೆ ಮಾಡುವುದು ಹೊಸ ಖಾತೆಗಳನ್ನು ತೆರೆಯುವುದಕ್ಕಿಂತಲೂ ಜಾಹೀರಾತಿಗೆ ಹಣ ಹಾಕುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.

ಬೆಲೆಯಿಂದಲೇ ಆರಂಭಿಸೋಣ. ಚಿತ್ರದ ಕೆಳಗೆ ಬೆಲೆ ಬರೆಯದೆ, ತಿಳಿಯಬೇಕಾದವರು ಮೆಸೇಜ್ ಮಾಡಲಿ ಎಂದು ಬಿಡುವ ಪದ್ಧತಿ ಸೀರೆ ವ್ಯಾಪಾರದಲ್ಲಿ ಬಹಳ ವ್ಯಾಪಕವಾಗಿದೆ. ಪಕ್ಕದ ಅಂಗಡಿಯವರು ನೋಡಿ ಕಡಿಮೆ ಬೆಲೆ ಇಡುತ್ತಾರೆಂಬ ಅಂಜಿಕೆಯೂ, ಸಂದೇಶ ಬಂದರೆ ಮಾತಿನಲ್ಲಿ ಒಪ್ಪಿಸಬಹುದೆಂಬ ನಂಬಿಕೆಯೂ ಇದಕ್ಕೆ ಕಾರಣ. ಪಕ್ಕದ ಅಂಗಡಿಯವರು ಬೆಲೆ ತಿಳಿಯಬೇಕೆಂದರೆ ಗ್ರಾಹಕರ ಹಾಗೆ ಸಂದೇಶ ಕಳಿಸಿ ಎರಡೇ ನಿಮಿಷದಲ್ಲಿ ತಿಳಿದುಕೊಳ್ಳಬಲ್ಲರು. ಹಿಂದೆ ಸರಿಯುವವರು ಕೇಳಲು ಸಂಕೋಚಪಡುವ ಗ್ರಾಹಕರು ಮಾತ್ರ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಆಶಯವೂ ಆನ್‌ಲೈನ್‌ನಲ್ಲಿ ಮಾರುವ ವಸ್ತುವಿನ ಒಟ್ಟು ಬೆಲೆ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿದಿರಬೇಕೆಂಬುದೇ ಆಗಿದೆ. ಆದ್ದರಿಂದ ಪ್ರತಿ ಸೀರೆಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆ, ಬೆಲೆ ಮತ್ತು ಕೊರಿಯರ್ ಖರ್ಚನ್ನು ಚಿತ್ರದೊಂದಿಗೇ ಬರೆಯಿರಿ.

ಎರಡನೆಯದು ವಿವರಣೆ. ಇಳಕಲ್ ಸೀರೆಯ ಬಗ್ಗೆ ಹೇಳಲು ಇಷ್ಟೊಂದು ಇರುವಾಗ ಹಲವು ಮಾರಾಟಗಾರರು ಸುಂದರ, ಆಕರ್ಷಕ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಈ ಸೀರೆಯಲ್ಲಿ ಒಡಲಿನ ಹಾಸೇ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಸೆರಗಿನ ಕೆಂಪು ರೇಷ್ಮೆಯಲ್ಲಿ ಬಿಳಿಯ ಎಳೆಗಳಿಂದ ಮೂಡುವ ಟೋಪ್ ತೆನಿ, ಹಣಿಗೆ, ಕೋಟೆ ಕಮ್ಮಲಿ, ರಂಪ ಎಂಬ ವಿನ್ಯಾಸಗಳಿಗೂ, ಗೋಮಿ, ಪರಾಸಪೇಟೆ ಎಂಬ ದಡಿಗಳಿಗೂ (ಅಂಚುಗಳಿಗೂ) ತಮ್ಮದೇ ಹೆಸರುಗಳಿವೆ. ಅಜ್ಜಿಯ ಕಾಲದ ಗೋಮಿ ದಡಿಯ ಸೀರೆಯನ್ನೇ ಹುಡುಕುತ್ತಿರುವ ಗ್ರಾಹಕರು ಆ ಹೆಸರನ್ನೇ ಗೂಗಲ್‌ನಲ್ಲಿ ಬರೆಯುತ್ತಾರೆ; ನಿಮ್ಮ ಬರಹದಲ್ಲಿ ಆ ಹೆಸರೇ ಇಲ್ಲದಿದ್ದರೆ ನೀವು ಅವರಿಗೆ ಕಾಣಿಸುವುದಾದರೂ ಹೇಗೆ? ಕನ್ನಡದಲ್ಲಿ ಬರೆದ ಮೇಲೆ ಇಂಗ್ಲಿಷಿನಲ್ಲಿಯೂ ಅದೇ ವಿವರ ಕೊಡಿ, ಏಕೆಂದರೆ ಪುಣೆ, ಸೊಲ್ಲಾಪುರ, ಹೈದರಾಬಾದಿನಲ್ಲಿಯೂ ಈ ಸೀರೆಯನ್ನು ಉಡುವವರಿದ್ದಾರೆ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಜನ ಎರಡು ಮೂರು ರೀತಿಯಲ್ಲಿ ಬರೆಯುವುದರಿಂದ ಆ ರೂಪಗಳೆಲ್ಲ ಎಲ್ಲಾದರೂ ಒಮ್ಮೆ ಬಂದಿರಲಿ.

ವಿವರಣೆಯಲ್ಲಿ ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ, ಮತ್ತು ಇದನ್ನು ನಾನು ಮಾರಾಟದ ತಂತ್ರವೆಂದು ಹೇಳುತ್ತಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ, ಅಂದರೆ ಆ ಹೆಸರು ಆ ಪ್ರದೇಶದ ಉತ್ಪನ್ನಕ್ಕೇ ಸಲ್ಲುತ್ತದೆಂಬ ಕಾನೂನಿನ ಮಾನ್ಯತೆ ಇದೆ. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದೂ, ಕೃತಕ ರೇಷ್ಮೆಯನ್ನು ಶುದ್ಧ ರೇಷ್ಮೆಯೆಂದೂ ಮಾರಿದಾಗ ಮೋಸಹೋಗುವವರು ಆ ಒಬ್ಬ ಗ್ರಾಹಕರಷ್ಟೇ ಅಲ್ಲ, ಇಂದಿಗೂ ಕೈಮಗ್ಗವನ್ನೇ ನಂಬಿಕೊಂಡಿರುವ ನೇಕಾರರೂ ಹೌದು. ಪವರ್‌ಲೂಮಿನ ಸೀರೆಗೆ ಅದರದೇ ಬೆಲೆಯಿದೆ, ಅದರದೇ ಗ್ರಾಹಕರಿದ್ದಾರೆ. ಹಾಗೆಂದು ಸ್ಪಷ್ಟವಾಗಿ ಬರೆದು ಮಾರುವುದರಲ್ಲಿ ಯಾವ ಕೊರತೆಯೂ ಇಲ್ಲ. ಕೈಮಗ್ಗದ ಸೀರೆಗೆ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದ್ದರೆ ಆ ಚೀಟಿಯ ಚಿತ್ರವನ್ನೂ ಸೀರೆಯ ಚಿತ್ರಗಳ ಜೊತೆಗೆ ಸೇರಿಸಿ.

ಚಿತ್ರಗಳ ವಿಷಯದಲ್ಲಿ ಮುಖ್ಯವಾದುದು ಬಣ್ಣ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ, ಯಾವ ಫಿಲ್ಟರನ್ನೂ ಬಳಸದೆ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ದಾಳಿಂಬೆ ಕೆಂಪು ಒಂದು ಬಗೆಯಾಗಿ ಕಂಡು, ಪಾರ್ಸೆಲ್ ಬಿಚ್ಚಿದಾಗ ಇನ್ನೊಂದು ಬಗೆಯಾಗಿ ಕಾಣುವುದರಿಂದಲೇ ಅರ್ಧ ತಕರಾರುಗಳು ಹುಟ್ಟುತ್ತವೆ. ಪೂರ್ತಿ ಹರಡಿದ ಸೆರಗು, ಅಗಲ ತಿಳಿಯುವಂತೆ ಸ್ಕೇಲ್ ಇಟ್ಟು ತೆಗೆದ ದಡಿ, ಒಡಲಿನ ನೇಯ್ಗೆಯ ಹತ್ತಿರದ ನೋಟ, ಕೊಂಡಿ ಹಾಕಿದ ಜಾಗದ ಹಿಂಬದಿ ಮತ್ತು ಉಟ್ಟಾಗ ಕಾಣುವ ರೀತಿ ಇಷ್ಟು ಚಿತ್ರಗಳಿದ್ದರೆ ಗ್ರಾಹಕರು ಅಂಗಡಿಯ ಗಾದಿಯ ಮೇಲೆ ಕುಳಿತು ನೋಡಿದಷ್ಟೇ ನೋಡಿದಂತಾಗುತ್ತದೆ.

ವಿಡಿಯೊ ಮಾಡುವುದಾದರೆ ಎಲ್ಲರೂ ಹಾಕುವ ಹಾಡಿಗೆ ಸೀರೆ ಬೀಸುವ ರೀಲ್ಸ್ ಬೇಡ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂದ ಮೇಲೆ ಅಂಥವು ಲೆಕ್ಕವಿಲ್ಲದಷ್ಟು ಬಂದಿವೆ, ಒಂದನ್ನು ನೋಡಿ ಇನ್ನೊಂದನ್ನು ಮರೆಯುತ್ತೇವೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕುವ ಕೈಗಳನ್ನು ಹತ್ತಿರದಿಂದ ಒಂದು ನಿಮಿಷ ಚಿತ್ರೀಕರಿಸಿ, ಆ ಕೆಲಸ ಮಾಡುವವರೇ ತಮ್ಮ ಮಾತಿನಲ್ಲಿ, ತಮ್ಮ ಊರಿನ ಕನ್ನಡದಲ್ಲಿ ಏನು ಮಾಡುತ್ತಿದ್ದೇವೆಂದು ಹೇಳಲಿ. ದೊಡ್ಡ ನಗರದ ದೊಡ್ಡ ಮಳಿಗೆಗೆ ಹಣವಿರಬಹುದು, ಆದರೆ ಪಕ್ಕದ ಓಣಿಯಲ್ಲಿ ಮಗ್ಗವಿಲ್ಲ. ನಿಮ್ಮ ಬಳಿ ಅದು ಇದೆ. ನೇಕಾರರ ಒಪ್ಪಿಗೆ ಪಡೆದು, ಅವರು ಬಯಸಿದರೆ ಹೆಸರನ್ನೂ ಹಾಕಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಸೀರೆ ಉಡುವ ಬಗೆ, ಒಗೆದು ಒಣಗಿಸುವ ಬಗೆ, ಗುಳೇದಗುಡ್ಡದ ಯಾವ ಖಣ (ಕುಪ್ಪಸದ ಬಟ್ಟೆ) ಯಾವ ಸೀರೆಗೆ ಒಪ್ಪುತ್ತದೆ ಎಂಬ ವಿಡಿಯೊಗಳೂ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತವೆ.

ಅಂಗಡಿ ಇರುವವರು ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನು ಜನವರಿಯಲ್ಲೊಮ್ಮೆ ತೆರೆದು ಫೋನ್ ಸಂಖ್ಯೆ, ಸಮಯ, ವಾರದ ರಜೆ, ನಕ್ಷೆಯಲ್ಲಿನ ಗುರುತು ಸರಿಯಾಗಿವೆಯೇ ಎಂದು ನೋಡಬೇಕು. ಆ ಪ್ರೊಫೈಲಿನ ಜೊತೆಗೇ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿಯೋ ಕೈಚೀಲದ ಮೇಲೆಯೋ ಇನ್ನೂ ಆ ಹಳೆಯ ವಿಳಾಸವೇ ಅಚ್ಚಾಗಿದ್ದರೆ ಬದಲಾಯಿಸಿ. ಸೀರೆ ತಲುಪಿದ ಒಂದು ವಾರದ ನಂತರ ರಿವ್ಯೂ ಬರೆಯುವಂತೆ ವಿನಯದಿಂದ ಕೇಳಬಹುದು, ಆದರೆ ಅದಕ್ಕೆ ಪ್ರತಿಯಾಗಿ ರಿಯಾಯಿತಿ ಕೊಡುವುದನ್ನು ಗೂಗಲ್ ಒಪ್ಪುವುದಿಲ್ಲ, ಮಾರಾಟಗಾರರೇ ಗ್ರಾಹಕರಂತೆ ನಟಿಸಿ ರಿವ್ಯೂ ಬರೆಯುವುದನ್ನು ಮೇಲೆ ಹೇಳಿದ 2020ರ ನಿಯಮಗಳೇ ನಿಷೇಧಿಸಿವೆ. ಕಟುವಾದ ರಿವ್ಯೂ ಬಂದರೆ ಅದೇ ದಿನ ಶಾಂತವಾಗಿ ಉತ್ತರಿಸಿ. ಆ ಉತ್ತರವನ್ನು ಮುಂದೆ ಓದುವ ಹೊಸ ಗ್ರಾಹಕರು ಅನೇಕರಿರುತ್ತಾರೆ.

ಯಾವ ಪ್ರಯತ್ನದಿಂದ ಯಾವ ಮಾರಾಟ ಬಂತೆಂದು ತಿಳಿಯದಿದ್ದರೆ ವರ್ಷದ ಕೊನೆಗೆ ಮತ್ತೆ ಊಹೆಯೇ ಗತಿ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ವಾಟ್ಸ್‌ಆ್ಯಪ್‌ಗೆ ನೇರವಾಗಿ ಕರೆತರುವ ಲಿಂಕ್ ಮಾಡುವಾಗ, ಗ್ರಾಹಕರು ಕಳಿಸಬೇಕಾದ ಮೊದಲ ಸಂದೇಶವನ್ನು ನಾವೇ ಬರೆದಿಡಲು ಅವಕಾಶವಿದೆ. ಇನ್‌ಸ್ಟಾಗ್ರಾಂನಲ್ಲಿ ಹಾಕುವ ಲಿಂಕಿಗೆ ‘ನಮಸ್ಕಾರ, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಸೀರೆ ನೋಡಿದೆ’ ಎಂದೂ, ಗೂಗಲ್‌ನಲ್ಲಿ ಕೊಡುವ ಲಿಂಕಿಗೆ ಬೇರೆ ಮಾತನ್ನೂ ಇಟ್ಟರೆ, ಸಂದೇಶ ಬಂದ ಕೂಡಲೇ ಅವರು ಎಲ್ಲಿಂದ ಬಂದವರೆಂದು ಗೊತ್ತಾಗುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಲೇಬಲ್‌ಗಳಿಂದ ಹೊಸಬರು, ಹಣ ಕೊಡಬೇಕಾದವರು, ಕೊಂಡವರು ಎಂದು ವಿಂಗಡಿಸಿ, ತಿಂಗಳ ಕೊನೆಗೆ ಎಣಿಸಿ ಬರೆದಿಡಿ. ಪ್ರಶ್ನೆಗಳ ಪಟ್ಟಿಯಲ್ಲಿ ಹೆಚ್ಚು ಗೆರೆ ಬಿದ್ದವುಗಳಿಗೆ ಅಲ್ಲಿಯೇ ಸಿದ್ಧ ಉತ್ತರಗಳನ್ನು ಇಟ್ಟುಕೊಂಡರೆ, ಊಟದ ಹೊತ್ತಿನಲ್ಲಿ ಬಂದ ಸಂದೇಶಕ್ಕೂ ತಡವಾಗುವುದಿಲ್ಲ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ವಿಷಯದಲ್ಲಿ ಎಚ್ಚರ ಅಗತ್ಯ. ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರಿಗಷ್ಟೇ ಜಾಗ, ಅದೂ ನಿಮ್ಮ ಸಂಖ್ಯೆಯನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಪಾರ್ಸೆಲ್ಲಿನೊಳಗೆ ಒಂದು ಚೀಟಿ ಇಟ್ಟು, ಹೊಸ ಸೀರೆಗಳ ಸುದ್ದಿ ಬೇಕಿದ್ದವರು ಸಂಖ್ಯೆಯನ್ನು ಸೇವ್ ಮಾಡಿಕೊಂಡು ಒಂದು ಸಂದೇಶ ಕಳಿಸುವಂತೆ ಕೋರಿ. ಬೇಡವೆಂದವರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ. ಎಲ್ಲಿಂದಲೋ ಸಂಖ್ಯೆಗಳ ಪಟ್ಟಿ ಕೊಂಡು ಸಂದೇಶ ಕಳಿಸುವುದಂತೂ ಸಲ್ಲದು: ಜನ ಬ್ಲಾಕ್ ಮಾಡಿ ದೂರು ಕೊಟ್ಟರೆ ಖಾತೆಯೇ ಸ್ಥಗಿತಗೊಳ್ಳಬಹುದು.

ಈಗ ಕ್ಯಾಲೆಂಡರ್. ಸಂಕ್ರಾಂತಿಯ ದಿನಾಂಕ ಹೆಚ್ಚು ಕದಲುವುದಿಲ್ಲ. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನ, ನವೆಂಬರ್ 1ರ ರಾಜ್ಯೋತ್ಸವ ಸ್ಥಿರ. ಆದರೆ ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ದೀಪಾವಳಿಗಳು ಸಾಧಾರಣ ವರ್ಷದಲ್ಲಿ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತವೆ, ಅಧಿಕ ಮಾಸದ ನಂತರ ಬರುವ ಹಬ್ಬಗಳು ಹೆಚ್ಚುಕಡಿಮೆ ಇಪ್ಪತ್ತು ದಿನ ಮುಂದಕ್ಕೆ ಹೋಗುತ್ತವೆ. ಕಳೆದ ವರ್ಷದ ಪ್ರಚಾರದ ದಿನಾಂಕಗಳನ್ನೇ ನಕಲು ಮಾಡಿದವರು ಕೊಳ್ಳುವ ದಿನಗಳು ಮುಗಿದ ಮೇಲೆ ಜಾಹೀರಾತು ಕೊಡುತ್ತಿರುತ್ತಾರೆ. ಪಂಚಾಂಗವನ್ನು ಮುಂದಿಟ್ಟುಕೊಂಡು ಪ್ರತಿ ಹಬ್ಬದಿಂದ ಹಿಂದಕ್ಕೆ ಎಣಿಸಿ: ಬ್ಲೌಸ್ ಹೊಲಿಸಲು, ಸೀರೆಗೆ ಫಾಲ್ ಹಾಕಿಸಲು ಬೇಕಾದ ದಿನಗಳು, ಕೊರಿಯರ್ ತಲುಪುವ ದಿನಗಳು, ಗ್ರಾಹಕರು ಯೋಚಿಸುವ ದಿನಗಳು. ಅಮೆರಿಕದ ಕನ್ನಡ ಕೂಟಗಳ ಯುಗಾದಿ ಕಾರ್ಯಕ್ರಮಕ್ಕೆ ಉಡಲು ಬಯಸುವವರಿಗೆ ಇದಕ್ಕಿಂತಲೂ ಬಹಳ ಮೊದಲೇ ತಿಳಿಸಬೇಕಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಇಳಕಲ್ ಸೀರೆಗೆ ಒಡಲು, ಸೆರಗು, ದಡಿಗಳ ಹಾಸನ್ನು ಪ್ರತ್ಯೇಕವಾಗಿ, ಪ್ರತಿ ಸೀರೆಗೂ ಸಿದ್ಧಪಡಿಸಬೇಕಾದುದರಿಂದ, ಬೇಡಿಕೆ ಬಂತೆಂದು ಒಂದೇ ವಾರದಲ್ಲಿ ಕೈಮಗ್ಗದ ಉತ್ಪಾದನೆಯನ್ನು ಇಮ್ಮಡಿಗೊಳಿಸಲಾಗದು. ಯಾವ ಬಣ್ಣ, ಎಷ್ಟು ಸೀರೆ ಎಂದು ನೇಕಾರರೊಂದಿಗೆ ಮೊದಲು ಮಾತಾಡಿ, ಅವರು ಒಪ್ಪಿದ ಸಂಖ್ಯೆಗೆ ತಕ್ಕಂತೆ ಪ್ರಚಾರವನ್ನು ಅಳೆದು ಮಾಡಬೇಕು. ಕೈಯಲ್ಲಿಲ್ಲದ ಸೀರೆಗೆ ಮುಂಗಡ ಪಡೆದು ನೇಕಾರರ ಮೇಲೆ ಒತ್ತಡ ಹಾಕುವುದು ಅನ್ಯಾಯ.

ಹಣ ಕೊಟ್ಟು ಮಾಡುವ ಜಾಹೀರಾತನ್ನು ಇಷ್ಟೆಲ್ಲ ಆದ ಮೇಲೆ ಕೈಗೆತ್ತಿಕೊಳ್ಳಿ. ಪೋಸ್ಟಿನ ಕೆಳಗಿನ ಬೂಸ್ಟ್ ಗುಂಡಿ ಒತ್ತುವುದು ಸುಲಭ, ಆದರೆ ಲೈಕ್‌ಗಳ ಸಂಖ್ಯೆಯಿಂದ ಲಾಭ ತಿಳಿಯದು. ಉದಾಹರಣೆಗೆ 3,000 ರೂಪಾಯಿಯ ಜಾಹೀರಾತಿಗೆ ಶೇ. 18 ಜಿಎಸ್‌ಟಿ ಸೇರಿದರೆ ಖರ್ಚು 3,540 ರೂಪಾಯಿ. ಅದರಿಂದ ಅರವತ್ತು ಜನ ವಿಚಾರಿಸಿ ಐವರು ಕೊಂಡರೆ ಒಂದು ಮಾರಾಟಕ್ಕೆ 708 ರೂಪಾಯಿ ಬಿತ್ತು. ಸೀರೆಯೊಂದಕ್ಕೆ ನಿಮಗುಳಿಯುವುದು 500 ರೂಪಾಯಿಯಾದರೆ, ಅರವತ್ತು ಸಂದೇಶಗಳ ಸಂಭ್ರಮದಲ್ಲಿಯೂ ಪ್ರತಿ ಸೀರೆಗೆ 208 ರೂಪಾಯಿ ನಷ್ಟವಾಗಿದೆ. ಆ ಐವರಲ್ಲಿ ಮೂವರು ದೀಪಾವಳಿಗೆ ಮತ್ತೆ ಬಂದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಎರಡನೆಯ ಸಲ ಅವರನ್ನು ಕರೆತರಲು ಖರ್ಚಿಲ್ಲ. ಹಾಗಾಗಿಯೇ ಹಳೆಯ ಗ್ರಾಹಕರು ಏನು ಕೊಂಡಿದ್ದರು, ಯಾವ ಬಣ್ಣ ಕೇಳಿ ಸಿಗದೆ ಹೋಗಿದ್ದರು ಎಂಬ ಟಿಪ್ಪಣಿ ಜಾಹೀರಾತಿಗಿಂತ ಬೆಲೆಬಾಳುತ್ತದೆ ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ ಖಾತೆಗಳ ಒಡೆತನ. ಸಣ್ಣ ಅಂಗಡಿಗಳ ಪುಟಗಳನ್ನು ಬಹುಮಟ್ಟಿಗೆ ಅಳಿಯನೋ, ಅಂಗಡಿಯ ಹುಡುಗನೋ, ಪ್ರಚಾರದ ಏಜೆನ್ಸಿಯವರೋ ತಮ್ಮ ಫೋನ್ ಸಂಖ್ಯೆಯಿಂದ ತೆರೆದಿರುತ್ತಾರೆ. ಅವರು ಬಿಟ್ಟುಹೋದಾಗ ವರ್ಷಗಳ ಚಿತ್ರಗಳೂ ಗ್ರಾಹಕರೂ ಕೈತಪ್ಪುತ್ತಾರೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಗೂಗಲ್ ಪ್ರೊಫೈಲ್, ವೆಬ್‌ಸೈಟಿನ ಡೊಮೇನ್ ಇವೆಲ್ಲವೂ ಅಂಗಡಿಯ ಮಾಲೀಕರ ಇಮೇಲ್ ಮತ್ತು ಸಂಖ್ಯೆಯ ಮೇಲೆ ಇವೆಯೇ ಎಂದು ಪರಿಶೀಲಿಸಿ, ಇತರರಿಗೆ ಅಗತ್ಯವಿರುವಷ್ಟೇ ಅಧಿಕಾರ ಕೊಡಿ. ಎಲ್ಲದಕ್ಕೂ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಖಾತೆ ಸ್ಥಗಿತವಾಗುತ್ತದೆಂದು ಹೆದರಿಸಿ ಒಟಿಪಿ ಕೇಳುವ ಯಾರಿಗೂ ಅದನ್ನು ಹೇಳಬೇಡಿ. ಡೊಮೇನ್ ನವೀಕರಿಸಬೇಕಾದ ದಿನಾಂಕವನ್ನೂ ಖಾತೆಗಳ ಬ್ಯಾಕಪ್ ಕೋಡ್‌ಗಳನ್ನೂ ಕಾಗದದ ಮೇಲೆ ಬರೆದು, ಅಂಗಡಿಯ ಜಿಎಸ್‌ಟಿ ಪತ್ರ, ಬಾಡಿಗೆ ಕರಾರುಗಳಿರುವ ಫೈಲಿನಲ್ಲಿಯೇ ಇಡಿ.