ಒಂದೇ ಅಕ್ಷರದ ಅಂತರ: ಸಿ ಸಬ್‌ಟೈಪ್ ವರದಿ ಓದಲು ಕಲಿತದ್ದು

ಎಚ್‌ಐವಿ ಔಷಧ ನಿರೋಧಕತೆ ಪತ್ತೆ ಮಾಡುವ ಪ್ರಯೋಗಾಲಯಕ್ಕೆ ನಾನು ಸೇರಿದ ಹೊಸದು. ನಾನು ಬರೆದಿಟ್ಟ ವರದಿಯೊಂದರ ಮೇಲೆ ನಮ್ಮ ಮೇಡಂ ಪೆನ್ಸಿಲ್‌ನಲ್ಲಿ ಎರಡು ಸುತ್ತು ಹಾಕಿ ವಾಪಸ್ ಕೊಟ್ಟರು. ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವದ 36 ಮತ್ತು 93ನೇ ಸ್ಥಾನದಲ್ಲಿ ಬದಲಾವಣೆ ಇದೆ, ಪ್ರೋಟಿಯೇಸ್ ತಡೆಯುವ ಮಾತ್ರೆಗಳಿಗೆ ಈ ವೈರಸ್ ಬಗ್ಗದೇ ಇರಬಹುದು ಅಂತ ಬರೆದಿದ್ದೆ. "ಇದು ರೆಸಿಸ್ಟೆನ್ಸ್ ಅಲ್ಲಮ್ಮ. ಸಿ ಸಬ್‌ಟೈಪ್ ಇರೋದೇ ಹೀಗೆ. ಈ ರೋಗಿ ಏನೇನು ಮಾತ್ರೆ ತಗೊಂಡಿದ್ದಾರೆ ನೋಡಿದ್ಯಾ?" ಎಂದರು. ಸಬ್‌ಟೈಪ್ ಎಂದರೆ ವೈರಸ್ಸಿನ ಒಳತಳಿ. ಮಾತ್ರೆಗಳ ವಿವರವನ್ನು ನಾನು ನೋಡಿರಲಿಲ್ಲ. ಆ ರೋಗಿ ಪ್ರೋಟಿಯೇಸ್ ಮಾತ್ರೆಯನ್ನು ಒಂದು ದಿನವೂ ನುಂಗಿದವರಲ್ಲ. ವರದಿ ಹಾಗೇ ಹೋಗಿದ್ದರೆ, ಅವರ ಪಾಲಿಗೆ ಉಳಿದಿದ್ದ ಒಳ್ಳೆಯ ಔಷಧವನ್ನು ನಾನೇ ಕಿತ್ತುಕೊಂಡಂತಾಗುತ್ತಿತ್ತು.

ನಾವು ವೈರಸ್ಸಿನ ಜೀನನ್ನು ಓದುವಾಗ ಪಕ್ಕದಲ್ಲಿಟ್ಟು ಹೋಲಿಸುವ ಪ್ರತಿ ಬಿ ಸಬ್‌ಟೈಪಿನದು. ಬಿ ಹೆಚ್ಚಾಗಿರುವುದು ಅಮೆರಿಕ, ಪಶ್ಚಿಮ ಯುರೋಪುಗಳಲ್ಲಿ. ಔಷಧಗಳು ತಯಾರಾಗಿದ್ದು, ಮೊದಲು ಪರೀಕ್ಷೆಗೊಳಗಾದದ್ದು ಬಹುಪಾಲು ಅದರ ಮೇಲೆಯೇ. ಜಗತ್ತಿನ ಸೋಂಕಿತರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿರುವುದು ಮಾತ್ರ ಸಿ. ನಮ್ಮ ದೇಶದಲ್ಲಂತೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅದೇ. ಬಿ ಪ್ರತಿಯ ಪಕ್ಕ ಸಿ ಇಟ್ಟರೆ ಎಷ್ಟೋ ಕಡೆ ಕೆಂಪು ಗುರುತು ಬೀಳುತ್ತದೆ. ಅವುಗಳಲ್ಲಿ ಯಾವುದು ಹುಟ್ಟುಗುಣ, ಯಾವುದು ಔಷಧದ ಒತ್ತಡಕ್ಕೆ ಬಂದದ್ದು ಎಂದು ಬೇರ್ಪಡಿಸುವುದರಲ್ಲೇ ಈ ಕೆಲಸದ ಕಷ್ಟವೆಲ್ಲ ಇದೆ.

ಹಾಗಂತ ಸಿ ಇದ್ದವರಿಗೆ ಮಾತ್ರೆ ನಾಟುವುದಿಲ್ಲ ಎಂದಲ್ಲ. ತಪ್ಪದೇ ತೆಗೆದುಕೊಂಡರೆ ಬಿ ಇದ್ದವರಲ್ಲಿ ಆಗುವಂತೆಯೇ ಇವರಲ್ಲೂ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಇಳಿಯುತ್ತದೆ. ವ್ಯತ್ಯಾಸ ಕಾಣುವುದು ಮಾತ್ರೆ ತಪ್ಪಿದಾಗ, ವೈರಸ್ ತಪ್ಪಿಸಿಕೊಳ್ಳಲು ಹಿಡಿಯುವ ದಾರಿಯಲ್ಲಿ.

ಬಾಗಲಕೋಟೆ ಕಡೆಯಿಂದ ಬಂದಿದ್ದ ಒಂದು ಮಾದರಿ ನನಗೆ ಇದನ್ನು ಕಣ್ಣಾರೆ ತೋರಿಸಿತು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ತಿಂಗಳುಗಟ್ಟಲೆ ಹೊರಗಿರುತ್ತಿದ್ದ ಹೆಂಗಸು. ಟೆನೊಫೋವಿರ್, ಲ್ಯಾಮಿವುಡಿನ್, ಎಫವಿರೆಂಜ್ ಮೂರೂ ಸೇರಿದ ಒಂದೇ ಮಾತ್ರೆ ಅವರದು. ತಂದ ಡಬ್ಬಿ ಮುಗಿದರೆ ಊರಿಗೆ ಮರಳುವ ತನಕ ಖಾಲಿ. ತೆರೆಯ ಮೇಲೆ, ವೈರಸ್ಸಿನ ಜೀನನ್ನು ನಕಲು ಮಾಡುವ ಕಿಣ್ವದ 106ನೇ ಸ್ಥಾನಕ್ಕೆ ಬಂದೆ. ಪ್ರತಿ ಸ್ಥಾನಕ್ಕೂ ಜೀನಿನ ಮೂರು ಅಕ್ಷರ, ಪ್ರತಿ ಅಕ್ಷರಕ್ಕೂ ಒಂದು ಬಣ್ಣದ ಗೆರೆ. ಜಿ-ಟಿ-ಜಿ ಇರಬೇಕಾದಲ್ಲಿ ಮೊದಲ ಅಕ್ಷರದ ಕಪ್ಪು ಗೆರೆಯ ಒಡಲಲ್ಲೇ ಹಸಿರು ಗೆರೆಯೊಂದು ಎದ್ದಿತ್ತು. ಹಸಿರು ಎಂದರೆ ಎ. ಅಂದರೆ ಜಿ-ಟಿ-ಜಿ ಆಗಲೇ ಎ-ಟಿ-ಜಿ ಆಗುತ್ತಿದೆ, ಕಿಣ್ವದಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲ ಇದ್ದಲ್ಲಿ ಮೆಥಿಯೋನಿನ್ ಬರುತ್ತಿದೆ, ಎಫವಿರೆಂಜ್ ಕೈಬಿಡುತ್ತಿದೆ. ಇದೇ ಜಾಗದಲ್ಲಿ ಬಿ ಸಬ್‌ಟೈಪಿನಲ್ಲಿರುವುದು ಜಿ-ಟಿ-ಎ. ಅದು ಎ-ಟಿ-ಜಿ ಆಗಬೇಕಾದರೆ ಎರಡು ಅಕ್ಷರ ಬದಲಾಗಬೇಕು. ಸಿಗೆ ಒಂದೇ ಸಾಕು. ಅದಕ್ಕೇ ಈ ಬದಲಾವಣೆ ಬಿಯಲ್ಲಿ ಅಪರೂಪ, ನಮ್ಮಲ್ಲಿ ಮೇಲಿಂದ ಮೇಲೆ ಕಾಣುತ್ತದೆ.

65ನೇ ಸ್ಥಾನದಲ್ಲೂ ಅವರಿಗೆ ಬದಲಾವಣೆ ಆಗಿಹೋಗಿತ್ತು. ಟೆನೊಫೋವಿರ್ ಸೋಲುವುದು ಅಲ್ಲಿ. ಇದಕ್ಕೆ ಬಿ, ಸಿ ಎರಡರಲ್ಲೂ ಒಂದೇ ಅಕ್ಷರ ಸಾಕು. ಆದರೂ ಸಿಯಲ್ಲಿ ಬೇಗ ಬರುತ್ತದೆ. ಆ ಜಾಗದಲ್ಲಿ ಎ ಅಕ್ಷರಗಳು ಸಾಲಾಗಿ ಕೂತಿರುವ ಬಗೆಯಿಂದ, ನಕಲು ಮಾಡುವ ಕಿಣ್ವ ಸರಿಯಾಗಿ 65ರ ಹತ್ತಿರವೇ ತಡವರಿಸುತ್ತದೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ವೈನ್‌ಬರ್ಗ್ ಅವರ ತಂಡ ತೋರಿಸಿತು. ಸಮಾಧಾನದ ಸಂಗತಿಯೂ ಇಲ್ಲೇ ಇದೆ: ಈ ಬದಲಾವಣೆ ಬಂದ ವೈರಸ್ ಜಿಡೊವುಡಿನ್ ಎಂಬ ಔಷಧಕ್ಕೆ ಇನ್ನಷ್ಟು ಬಗ್ಗುತ್ತದೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಿನ ವೈದ್ಯರಿಗೆ ಫೋನಿನಲ್ಲಿ ಇದನ್ನೇ ಒತ್ತಿ ಹೇಳಿದೆ. ಜಿಡೊವುಡಿನ್, ಲ್ಯಾಮಿವುಡಿನ್ ಜೊತೆ ಅಟಜನಾವಿರ್ ಇದ್ದ ಸೆಕೆಂಡ್ ಲೈನ್, ಅಂದರೆ ಮೊದಲ ಚಿಕಿತ್ಸೆ ಸೋತಾಗಿನ ಔಷಧ, ಕೊಟ್ಟರು. ಜೊತೆಗೆ, ಗ್ಯಾಂಗ್ ಹೊರಡುವ ಮೊದಲೇ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು ಕಳಿಸುವ ಏರ್ಪಾಡನ್ನೂ ಆ ವೈದ್ಯರೇ ಮಾಡಿದರು. ನನ್ನ ಇಡೀ ವರದಿಗಿಂತ ಅದು ದೊಡ್ಡ ಕೆಲಸ.

ಬೇರೆ ಸಬ್‌ಟೈಪುಗಳಲ್ಲಿ ಕಥೆ ಬೇರೆ. ಆಗ್ನೇಯ ಏಷ್ಯಾದಲ್ಲಿ ಹರಡಿರುವ 01ಎಇ ಎಂಬ ಬೆರಕೆ ತಳಿಗೆ ಫೋಸ್ಟೆಮ್‌ಸಾವಿರ್ ಎಂಬ ಔಷಧ ಹುಟ್ಟಿನಿಂದಲೇ ಸರಿಯಾಗಿ ನಾಟುವುದಿಲ್ಲ. ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಇಂಜೆಕ್ಷನ್ ಕೊಡುವ ಮೊದಲು, ರಷ್ಯಾ ಕಡೆ ಹೆಚ್ಚಿರುವ ಎ6 ಸಬ್‌ಟೈಪ್ ಇದೆಯೇ ಎಂದು ನೋಡುತ್ತಾರೆ. ಅದರ ಜೊತೆಗೆ ಹೆಚ್ಚು ಮೈತೂಕವೋ ಹಳೆಯ ರಿಲ್ಪಿವಿರಿನ್ ನಿರೋಧಕತೆಯೋ ಸೇರಿದರೆ ಚಿಕಿತ್ಸೆ ಸೋಲುವ ಅಪಾಯ ಏರುತ್ತದೆ. ಎಚ್‌ಐವಿ-2 ಸಬ್‌ಟೈಪ್ ಅಲ್ಲ, ಬೇರೆಯೇ ವೈರಸ್. ನೆವಿರಪಿನ್, ಎಫವಿರೆಂಜ್ ಎರಡೂ ಅದರ ಮೇಲೆ ಕೆಲಸ ಮಾಡುವುದಿಲ್ಲ. ಎಚ್‌ಐವಿ-1ರ ವೈರಲ್ ಲೋಡ್ ಪರೀಕ್ಷೆಗೂ ಅದು ಸಿಗುವುದಿಲ್ಲ. ಲೋಡ್ ಶೂನ್ಯ, ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಮಾತ್ರ ಇಳಿಯುತ್ತಲೇ ಇದೆ ಎಂದಾದರೆ ನಾನು ಮೊದಲು ಕೇಳುವುದು ಅದನ್ನೇ.

ಈಗ ನಮ್ಮಲ್ಲಿ ಫಸ್ಟ್ ಲೈನ್‌ನಲ್ಲೇ ಡೊಲುಟೆಗ್ರಾವಿರ್ ಇದೆ. ಎಲ್ಲ ಸಬ್‌ಟೈಪುಗಳ ಮೇಲೂ ಗಟ್ಟಿಯಾಗಿ ನಿಲ್ಲುವ ಔಷಧ. ಅದು ಸೋತಿತೆಂದು ಬರುವ ಮಾದರಿಗಳಲ್ಲಿ ಹೆಚ್ಚಿನವಕ್ಕೆ, ಅದು ತಡೆಯುವ ಇಂಟಿಗ್ರೇಸ್ ಕಿಣ್ವದಲ್ಲಿ ಏನೂ ಬದಲಾಗಿರುವುದಿಲ್ಲ, ಮಾತ್ರೆ ತಪ್ಪಿರುತ್ತದೆ ಅಷ್ಟೇ. ಆದರೂ ರೋಗಿಯ ಮಾತ್ರೆಗಳ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಂಡು 118 ಮತ್ತು 263ನೇ ಸ್ಥಾನಗಳನ್ನು ಎರಡೂ ದಿಕ್ಕಿನಿಂದ ಓದಿ, ಗೆರೆಗಳ ಬುಡದಲ್ಲಿ ಇನ್ನೊಂದು ಬಣ್ಣ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಸಹಿ ಹಾಕುತ್ತೇನೆ.